ಆರು ನಿಮಿಷದ ನಡಿಗೆ

ಡ್ರೈವರು ಕಡೆಯ ಸಾಲನ್ನು ಒಂದೇ ಉಸಿರಿಗೆ ಒಪ್ಪಿಸಿದ ರೀತಿಯಲ್ಲೇ ಕನ್ನಡಕದಂಗಡಿಯವನಿಗೆ ಗೊತ್ತಾಗಿಹೋಯಿತು, ಈ ಮನುಷ್ಯ ಓದುತ್ತಿಲ್ಲ, ಬಾಯಿಪಾಠ ಹೇಳುತ್ತಿದ್ದಾನೆ ಎಂದು. ನಾಲ್ಕು, ಒಂಬತ್ತು, ಎರಡು, ಏಳು, ಮೂರು. ನಿಜಕ್ಕೂ ಕಣ್ಣು ಕಾಣುವವರು ಆ ಸಾಲಿಗೆ ಬರುವ ಹೊತ್ತಿಗೆ ಒಂದಿಷ್ಟು ತಡವರಿಸುತ್ತಾರೆ, ಕತ್ತು ಚಾಚುತ್ತಾರೆ, ಮೂರನ್ನು ಎಂಟೆಂದು ಹೇಳಿ ನಾಲಿಗೆ ಕಚ್ಚಿಕೊಳ್ಳುತ್ತಾರೆ. ಗಡಗಡನೆ ಹೇಳಿ ಮುಗಿಸಿ ಶಭಾಷ್‌ಗಿರಿಗೆ ಕಾಯುತ್ತ ಕೂರುವವರು, ಕುರ್ಚಿಗೆ ಬರುವ ಮೊದಲು ಬಾಗಿಲ ಹತ್ತಿರ ನಿಂತು ಕನ್ನಡಕದ ಚೌಕಟ್ಟು ನೋಡುವ ನೆಪದಲ್ಲಿ ಫಲಕವನ್ನು ಉರು ಹೊಡೆದುಕೊಂಡವರು. ಇಪ್ಪತ್ತಾರು ವರ್ಷ ಜನರ ಕಣ್ಣಿಗೆ ಗಾಜು ಕೂರಿಸಿದವನಿಗೆ ಇಷ್ಟೂ ತಿಳಿಯದಿದ್ದರೆ ಅಂಗಡಿ ಮುಚ್ಚಿ ಮನೆಗೆ ಹೋಗುವುದೇ ಮೇಲು. ಅದಕ್ಕೆಂದೇ ಆ ಫಲಕದ ಹಿಂದೆ ಇನ್ನೊಂದನ್ನು ನೇತುಹಾಕಿದ್ದ. ಗಾತ್ರ ಅದೇ, ಅಂಕಿಗಳು ಬೇರೆ. ಅವನು ಎಡಗಾಲಿನಿಂದ ನೆಲವನ್ನು ಒಮ್ಮೆ ಒದ್ದ. ಚಕ್ರದ ಸ್ಟೂಲು ಅವನನ್ನು ಹೊತ್ತುಕೊಂಡು ಗೋಡೆಯವರೆಗೆ ಉರುಳಿತು.

ಈ ಕಸುಬನ್ನು ನೀನು ಹಿಡಿದದ್ದೇ ಆ ಸ್ಟೂಲಿಗಾಗಿ ಎಂದು ಅಕ್ಕ ಆಡಿಕೊಳ್ಳುತ್ತಿದ್ದಳು, ಅದು ಪೂರ್ತಿ ಸುಳ್ಳೂ ಆಗಿರಲಿಲ್ಲ. ಅಂಗಡಿಯ ಈ ತುದಿಯಿಂದ ಆ ತುದಿಗೆ, ಮಸೂರದ ಪೆಟ್ಟಿಗೆಯಿಂದ ಬಿಲ್ಲಿನ ಮೇಜಿಗೆ, ಅವನು ಕೂತೇ ಓಡಾಡುತ್ತಿದ್ದ. ಹತ್ತು ಹದಿನೈದು ವರ್ಷದ ಗಿರಾಕಿಗಳಲ್ಲಿ ಅವನು ನಡೆದದ್ದನ್ನು ನೋಡಿದವರು ಒಬ್ಬರೂ ಇರಲಿಕ್ಕಿಲ್ಲ. ಯಾರನ್ನಾದರೂ ಹೊರಗೆ ಭೇಟಿಯಾಗಬೇಕಾದರೆ ಅರ್ಧ ಗಂಟೆ ಮೊದಲೇ ಹೋಗಿ ಕುರ್ಚಿ ಹಿಡಿದು ಕೂತುಬಿಡುತ್ತಿದ್ದ, ಅವರೆದ್ದು ಹೋದಮೇಲೆ ತಾನು ಏಳುತ್ತಿದ್ದ. ಬೀದಿಯಲ್ಲಿ ಯಾರಾದರೂ ಜೊತೆಯಾದರೆ ಪ್ರತಿ ಅಂಗಡಿಯ ಗಾಜಿನ ಮುಂದೆ ನಿಂತು ಅದು ಚೆನ್ನಾಗಿದೆ, ಇದು ಚೆನ್ನಾಗಿದೆ ಎನ್ನುತ್ತಿದ್ದ. ಊರಿನಲ್ಲೆಲ್ಲ ಅವನಿಗೆ ಕೊಳ್ಳುಬಾಕ ಎಂಬ ಹೆಸರು ಬಂದಿತ್ತು. ಬರಲಿ, ಬಾತುಕೋಳಿ ಎನ್ನಿಸಿಕೊಳ್ಳುವುದಕ್ಕಿಂತ ವಾಸಿ. ಮೂಳೆ ಗಟ್ಟಿಯಾಗದ ರೋಗ ಅದು. ಲಕ್ಷಕ್ಕೊಬ್ಬರಿಗೆ ಬಂದರೆ ಹೆಚ್ಚು ಎಂದು ಡಾಕ್ಟರು ಹೇಳುತ್ತಿದ್ದರು, ಅವರ ಮನೆಯಲ್ಲಿ ಮಾತ್ರ ಇದ್ದ ಇಬ್ಬರು ಮಕ್ಕಳಿಗೂ ಬಂದಿತ್ತು. ಕಾಲು ಹೊರಕ್ಕೆ ಬಾಗಿ, ಸೊಂಟ ಈಚೆಗೊಮ್ಮೆ ಆಚೆಗೊಮ್ಮೆ ತೂಗುವ ಆ ನಡಿಗೆಯನ್ನು ಐವತ್ತನಾಲ್ಕು ವರ್ಷದಲ್ಲಿ ಅವನು ಹೇಗೋ ಬಚ್ಚಿಟ್ಟುಕೊಂಡು ಬಂದಿದ್ದ. ಈಗ ಬಲದೊಡೆಯ ಮೂಳೆಯಲ್ಲಿ ಕೂದಲೆಳೆಯಷ್ಟು ಬಿರುಕು ಬಿಟ್ಟು ಹದಿನಾಲ್ಕು ತಿಂಗಳಾಗಿತ್ತು. ಕೂಡುತ್ತಲೂ ಇರಲಿಲ್ಲ, ಮುರಿಯುತ್ತಲೂ ಇರಲಿಲ್ಲ. ಮುರಿದರೆ ಮೂಳೆಯೊಳಗೆ ಕಂಬಿ ಹಾಕಬೇಕು. ಕಂಬಿ ಹಾಕಿದವರನ್ನು ಹೊಸ ಔಷಧಿಯ ಪ್ರಯೋಗಕ್ಕೆ ಸೇರಿಸಿಕೊಳ್ಳುವುದಿಲ್ಲ. ಸೇರುವುದಿದ್ದರೆ ಮೂಳೆ ತಡೆದಿರುವಾಗಲೇ ಸೇರಬೇಕು.

ಫಲಕ ಬದಲಾದದ್ದು ಡ್ರೈವರಿಗೆ ತಿಳಿಯಲೇ ಇಲ್ಲ. "ಇನ್ನೊಂದ್ಸಲ ಹೇಳಿ ಯಜಮಾನ್ರೇ" ಎಂದದ್ದಕ್ಕೆ ಮತ್ತೆ ಅದೇ ದನಿಯಲ್ಲಿ, "ನಾಲ್ಕು, ಒಂಬತ್ತು, ಎರಡು, ಏಳು, ಮೂರು" ಎಂದರು. ಅಲ್ಲಿ ಈಗ ಐದು, ಎರಡು, ಎಂಟು, ಆರು, ನಾಲ್ಕು ಇತ್ತು. ಅವನಿಗೆ ನಗು ಬಂತು, ಗಿರಾಕಿಯ ಎದುರು ನಗಬಾರದೆಂದು ಮೀಸೆಯಲ್ಲೇ ತಡೆದುಕೊಂಡ. ಇಂಥ ಹೊತ್ತಿಗೆಂದು ಅವನ ಬಳಿ ಒಂದು ಸಿದ್ಧ ಮಾತಿತ್ತು, ವರ್ಷಕ್ಕೆ ನೂರು ಸಲವಾದರೂ ಹೇಳುತ್ತಿದ್ದ. "ನೋಡಿ, ಇದು ಪರೀಕ್ಷೆ ಅಲ್ಲ. ಇಲ್ಲಿ ಪಾಸಾಗಿ ನಿಮಗೇನೂ ಆಗ್ಬೇಕಾಗಿಲ್ಲ. ಕಾಣ್ದೇ ಇರೋದನ್ನ ಕಾಣುತ್ತೆ ಅಂದ್ರೆ ನಾನು ಕೊಡೋ ಕನ್ನಡಕಾನೂ ಸುಳ್ಳಾಗುತ್ತೆ." ಹೇಳಿ ಮುಗಿಸಿ ಮಸೂರದ ಪೆಟ್ಟಿಗೆಗೆ ಕೈ ಹಾಕಿದವನಿಗೆ ತನ್ನ ಮಾತೇ ತನಗೆ ತಾಗಿತು. ಹೋದ ಶುಕ್ರವಾರ ಹತ್ತೂವರೆಗೆ ಆಸ್ಪತ್ರೆಯ ಮೂರನೇ ಮಹಡಿಯ ಆ ಉದ್ದನೆಯ ಕಾರಿಡಾರಿನಲ್ಲಿ ಈ ಬುದ್ಧಿವಾದ ಎಲ್ಲಿಗೆ ಹೋಗಿತ್ತು?

ಕಾರಿಡಾರಿನ ಎರಡು ತುದಿಗೂ ಒಂದೊಂದು ಕಿತ್ತಳೆ ಬಣ್ಣದ ಶಂಕು ಇಟ್ಟಿದ್ದರು. ನಡುವೆ ಮೂವತ್ತು ಮೀಟರು. ಕತ್ತಿಗೆ ಗಡಿಯಾರ ನೇತುಹಾಕಿಕೊಂಡ ನರ್ಸು ಪ್ಲಾಸ್ಟಿಕ್ ಹೊದಿಸಿದ ಒಂದು ಕಾರ್ಡು ಹಿಡಿದು, ಆರು ನಿಮಿಷದಲ್ಲಿ ನಿಮಗೆ ಎಷ್ಟು ದೂರ ಆಗುತ್ತೋ ಅಷ್ಟು ನಡೀರಿ, ಓಡಬೇಡಿ, ಸುಸ್ತಾದರೆ ನಿಲ್ಲಬಹುದು ಎಂದು ಓದಿದಳು. ಅವನು ತಯಾರಿ ಮಾಡಿಕೊಂಡೇ ಬಂದಿದ್ದ. ಎರಡು ವಾರ, ದಿನಾ ಅಂಗಡಿ ತೆಗೆಯುವ ಮೊದಲು ಹಿಂದಿನ ಓಣಿಯಲ್ಲಿ, ಹಾಲಿನ ಕ್ರೇಟುಗಳನ್ನು ಗುರುತಿಗಿಟ್ಟುಕೊಂಡು ಅತ್ತಿಂದಿತ್ತ ನಡೆದಿದ್ದ. ಮೆತ್ತನೆಯ ಹೊಸ ಬೂಟು ಕೊಂಡಿದ್ದ. ಆ ದಿನ ಬೆಳಿಗ್ಗೆ ನೋವಿನ ಮಾತ್ರೆ ಎರಡು ನುಂಗಿದ್ದ. "ನಿನ್ನೆಯಿಂದ ನೋವಿನ ಮಾತ್ರೆ ಏನಾದ್ರೂ ತಗೊಂಡಿದ್ದೀರಾ?" ಎಂದು ನರ್ಸು ಕೇಳಿದಾಗ, ತನ್ನನ್ನು ಏನೆಂದುಕೊಂಡಿದ್ದಾಳೆ ಎಂಬಂತೆ "ಛೇ, ಇಲ್ಲ" ಎಂದುಬಿಟ್ಟ. ಔಷಧಿ ಕೊಡುವವರಿಗೆ ಗಟ್ಟಿ ಆಳು ಬೇಕಿರುತ್ತದೆ, ದುಡಿಯುವ ಎತ್ತನ್ನು ಹಲ್ಲು ನೋಡಿ ಕೊಳ್ಳುವ ಹಾಗೆ ನೋಡುತ್ತಾರೆ ಎಂದು ಅವನ ತಲೆಯಲ್ಲಿ ಯಾವಾಗಲೋ ಕೂತುಬಿಟ್ಟಿತ್ತು. ಷರತ್ತುಗಳ ಹಾಳೆಯಲ್ಲಿ ನಡಿಗೆಯ ಪರೀಕ್ಷೆ ಉಂಟು ಎಂದಷ್ಟೇ ಇತ್ತು, ಎಷ್ಟು ನಡೆಯಬೇಕು ಎಂದಿರಲಿಲ್ಲ. ಪರೀಕ್ಷೆ ಎಂದಮೇಲೆ ಹೆಚ್ಚು ಅಂಕ ತೆಗೆದವನೇ ಗೆದ್ದ ಎಂದು ಅವನು ಲೆಕ್ಕ ಹಾಕಿದ್ದ.

ಆದರೂ ಅಷ್ಟಕ್ಕೇ ಬಿಟ್ಟಿದ್ದರೆ ಬಚಾವಾಗುತ್ತಿದ್ದನೇನೋ. ಒಂದು ನಿಮಿಷ ಕಳೆದ ಕೂಡಲೆ ನರ್ಸು, "ಚೆನ್ನಾಗಿ ನಡೀತಿದ್ದೀರ. ಇನ್ನು ಐದು ನಿಮಿಷ ಇದೆ" ಎಂದಳು. ಹುಟ್ಟಿದಾಗಿನಿಂದ ಆ ಮಾತನ್ನು ಯಾರೂ ಅವನಿಗೆ ಹೇಳಿರಲಿಲ್ಲ. ಹುಷಾರು ಎಂದಿದ್ದರು, ನಿಧಾನ ಎಂದಿದ್ದರು, ಅಯ್ಯೋ ಪಾಪ ಎಂದಿದ್ದರು, ಒಮ್ಮೆ ಹೆಣ್ಣಿನ ಕಡೆಯವರು ಏನೂ ಹೇಳದೆ ಒಬ್ಬರ ಮುಖ ಒಬ್ಬರು ನೋಡಿಕೊಂಡಿದ್ದರು, ಆ ನೋಟವೇ ಸಾಕಾಗಿ ಅವನು ಮತ್ತೆ ಮದುವೆಯ ಮಾತೆತ್ತಿರಲಿಲ್ಲ. ಚೆನ್ನಾಗಿ ನಡೀತಿದ್ದೀರ. ಬಿಳಿ ಉಡುಪಿನ, ಓದಿದ, ಇಂಥದ್ದನ್ನೇ ದಿನಾ ನೋಡುವ ಹೆಂಗಸು ಹೇಳಿದ್ದಾಳೆಂದರೆ ಸುಳ್ಳಿರಲಾರದು. ಅವನು ಹೊಟ್ಟೆ ಒಳಗೆಳೆದುಕೊಂಡು, ಸೊಂಟ ಬಿಗಿಹಿಡಿದು, ಕಾಲು ಚುರುಕು ಮಾಡಿದ. ಎರಡನೇ ನಿಮಿಷಕ್ಕೂ ಅದೇ ಮಾತು ಬಂತು, ಮೂರನೆಯದಕ್ಕೂ. ಒಂದೊಂದು ಸಲವೂ ಅವನು ಇನ್ನಷ್ಟು ಬೀಗಿ ಇನ್ನಷ್ಟು ಬೇಗ ಹೋದ. ಹದಿನಾಲ್ಕು ಸಲ ಶಂಕುವಿನಿಂದ ಶಂಕುವಿಗೆ, ಮೇಲೆ ಇಪ್ಪತ್ತಾರು ಮೀಟರು, ಒಟ್ಟು ನಾನೂರ ನಲವತ್ತಾರು. ನಿಲ್ಲಿ ಎಂದಾಗ ನಾಚಿಕೆಯಿಲ್ಲದೆ ಒಂದು ಕೈ ಮೇಲೆತ್ತಿಬಿಟ್ಟಿದ್ದ. ಅದನ್ನು ನೆನೆಸಿಕೊಂಡರೆ ಈಗಲೂ ಕಿವಿ ಬಿಸಿಯಾಗುತ್ತಿತ್ತು.

ನಿನ್ನೆ, ಸೋಮವಾರ, ಫೋನು ಬಂತು. ನಾನೂರ ಇಪ್ಪತ್ತಕ್ಕಿಂತ ಕಡಿಮೆ ನಡೆಯುವವರನ್ನಷ್ಟೇ ತೆಗೆದುಕೊಳ್ಳುತ್ತೇವೆ, ಔಷಧಿಯಿಂದ ನಡಿಗೆ ಸುಧಾರಿಸುತ್ತದೆಯೇ ಎಂದು ನೋಡಬೇಕಲ್ಲ, ನಿಮ್ಮದು ಈಗಲೇ ಚೆನ್ನಾಗಿದೆ, ಕ್ಷಮಿಸಿ ಎಂದಿದ್ದಳು ನರ್ಸು. ಫೋನಿಟ್ಟ ಮೇಲೆ ಮೊದಲು ಅವನಿಗಾದದ್ದು ಸಂತೋಷ, ಅದೇ ತಮಾಷೆ. ಚೆನ್ನಾಗಿ ನಡೆಯುತ್ತಾನೆಂಬ ಕಾರಣಕ್ಕೆ ಒಬ್ಬ ಮನುಷ್ಯ ತಿರಸ್ಕೃತನಾಗಿದ್ದಾನೆ! ಯಾರಿಗಾದರೂ ಹೇಳಿಕೊಳ್ಳಬೇಕೆನ್ನಿಸಿತ್ತು. ಕಾಲು ಗಂಟೆಯ ನಂತರ ಸ್ಟೂಲಿನಿಂದ ಏಳಲು ಹೋದಾಗ ಬಲದೊಡೆಯಲ್ಲಿ ಚುಳ್ಳೆಂದಿತು, ಮತ್ತೆ ಕೂತ. ತಾನು ಏನು ಕಳೆದುಕೊಂಡೆ ಎಂಬುದು ಆಗ ಹೊಳೆದಿತ್ತು. ಸಂಜೆ ಅಕ್ಕ ಕೇಳಿದ್ದಕ್ಕೆ "ಇನ್ನೂ ಏನೂ ತಿಳಿಸಿಲ್ಲ" ಎಂದ.

ಅಕ್ಕನಿಗೆ ಹೇಳಿದ ಸುಳ್ಳೇ ಹೆಚ್ಚು ಕೊರೆಯುತ್ತಿತ್ತು. ಅವನಿಗಿಂತ ಮೂರು ವರ್ಷಕ್ಕೆ ದೊಡ್ಡವಳು, ಎರಡೂ ತೊಡೆಗೆ ಕಂಬಿ ಹಾಕಿಸಿಕೊಂಡು ಕೋಲೂರಿ ನಡೆಯುವವಳು, ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೂವತ್ತು ವರ್ಷ "ದಯವಿಟ್ಟು ಕಾಯಿರಿ" ಎಂದು ಹೇಳಿ ನಿವೃತ್ತಳಾದವಳು. ಅಂಗಡಿಯ ಮೇಲಿನ ಮನೆಯಲ್ಲಿ ಕಂಪ್ಯೂಟರಿನ ಮುಂದೆ ದಿಂಬು ಒರಗಿಟ್ಟುಕೊಂಡು ಇಂಥ ಪ್ರಯೋಗ ಎಲ್ಲಿ ನಡೆಯುತ್ತದೆಂದು ಹುಡುಕುವುದು ಅವಳಿಗೆ ನಿವೃತ್ತಿಯ ನಂತರದ ನೌಕರಿಯೇ ಆಗಿಹೋಗಿತ್ತು. ಹುಡುಕಿದ ಮೊದಲ ಪ್ರಯೋಗ ಮಕ್ಕಳಿಗೆ ಮಾತ್ರ. ಎರಡನೆಯದಕ್ಕೆ ಅವಳು ಬರೆದ ವಾರವೇ ಬಾಗಿಲು ಹಾಕಿದರು. ಮೂರನೆಯದಕ್ಕೆ ಸಮುದ್ರ ದಾಟಬೇಕಿತ್ತು. ಇನ್ನೊಂದಕ್ಕೆ ಅರ್ಧ ಪತ್ರ ಬರೆದಾದ ಮೇಲೆ ಕಣ್ಣಿಗೆ ಬಿತ್ತು, ಅದು ನಾಯಿಗಳ ಮೇಲೆ ನಡೆಸುವ ಪ್ರಯೋಗ. "ಹೋಗ್ಲಿ ಬಿಡು, ನಾಯಿಗಳಾದ್ರೂ ನೆಟ್ಟಗೆ ನಡೀಲಿ" ಎಂದು ಇಡೀ ದಿನ ನಕ್ಕಿದ್ದಳು. ಕೊನೆಗೆ ಸಿಕ್ಕಿದ್ದು ಇದು, ಬಸ್ಸಿನಲ್ಲಿ ಮುಕ್ಕಾಲು ಗಂಟೆಯ ದಾರಿ. ಎರಡು ವಾರಕ್ಕೊಂದು ಚುಚ್ಚುಮದ್ದು, ಮೊದಲ ವರ್ಷ ಅರ್ಧ ಜನಕ್ಕೆ ಔಷಧಿ, ಅರ್ಧ ಜನಕ್ಕೆ ಬರೀ ಉಪ್ಪುನೀರು, ಯಾರಿಗೆ ಯಾವುದೆಂದು ಕೊಡುವವರಿಗೂ ಗೊತ್ತಿರುವುದಿಲ್ಲ, ಆಮೇಲೆ ಎಲ್ಲರಿಗೂ ಔಷಧಿ. ಹದಿನೆಂಟು ಷರತ್ತುಗಳನ್ನು ಅವಳು ಒಂದೊಂದಾಗಿ ಗಟ್ಟಿಯಾಗಿ ಓದಿ, ತಮ್ಮನ ಹೆಸರಿಗೆ ಗುರುತು ಹಾಕುತ್ತ ಹೋದಳು. ಹನ್ನೊಂದನೆಯದು, ತೊಡೆಯಲ್ಲಿ ಕಂಬಿ ಇರುವವರು ಬೇಡ. ಅದನ್ನೂ ಅದೇ ದನಿಯಲ್ಲಿ ಓದಿ, "ನಿನಗಿಲ್ವಲ್ಲ, ಸರಿ" ಎಂದು ಗುರುತು ಹಾಕಿ ಮುಂದೆ ಹೋಗಿದ್ದಳು. ಉಳಿದಿದ್ದದ್ದು ಒಂದೇ ಜಾಗ. ಈ ತಿಂಗಳ ಕಡೆಯ ದಿನಕ್ಕೆ ಪಟ್ಟಿ ಮುಚ್ಚುತ್ತದೆ, ಅದಕ್ಕೆ ಇನ್ನು ಹತ್ತು ದಿನವಿತ್ತು.

"ಇದು ಚೆನ್ನಾಗಿದೆಯಾ, ಇದಾ?" ಅವನು ಡ್ರೈವರ ಮೂಗಿನ ಮೇಲಿನ ಪರೀಕ್ಷೆಯ ಚೌಕಟ್ಟಿಗೆ ಒಂದು ಗಾಜು ಹಾಕಿ, ತೆಗೆದು, ಇನ್ನೊಂದು ಹಾಕಿದ. ಡ್ರೈವರು ಈಗ ಮೆತ್ತಗಾಗಿದ್ದರು. "ಮೂವತ್ತೊಂದು ವರ್ಷ ಬಸ್ ಓಡ್ಸಿದೀನಿ ಸ್ವಾಮಿ. ಕಾಣ್ಸಲ್ಲ ಅಂತ ನನ್ನ ಬಾಯಿಂದ್ಲೇ ಬರ್ಬೇಕು ಅಂದ್ರೆ ಹೆಂಗೆ? ಆ ಮಾತು ಹೊರಗೆ ಬರಲ್ಲ." ಅವನು "ನನಗ್ಗೊತ್ತು" ಎಂದ, ಗಿರಾಕಿಗೆ ಸಮಾಧಾನ ಹೇಳುವ ದನಿಗಿಂತ ಸ್ವಲ್ಪ ಹೆಚ್ಚೇ ಮನಸ್ಸಿಟ್ಟು. ನಾಲ್ಕನೇ ಗಾಜಿಗೆ ಡ್ರೈವರು ಸೆಟೆದು ಕೂತರು. ಫಲಕ ಬಿಟ್ಟು ಚಾವಣಿಯ ಕಲೆ ನೋಡಿದರು, ಗೋಡೆಯ ಕ್ಯಾಲೆಂಡರಿನ ಸಣ್ಣ ಅಕ್ಷರ ಓದಿದರು, ಬಾಗಿಲ ಗಾಜಿನಾಚೆ ಬೀದಿಯನ್ನು ಆ ತುದಿಯವರೆಗೆ ನೋಡಿದರು. "ಅಗೋ, ನಿಮ್ಮ ಮನೆಯವರೊಬ್ಬರು ಬರ್ತಿದಾರೆ. ಅಕ್ಕ ಅಲ್ವಾ? ಮುಖ ಕಾಣ್ಸಲ್ಲ ಇನ್ನೂ, ನಡಿಗೆ ನೋಡಿದ್ರೇ ಗೊತ್ತಾಗುತ್ತಲ್ಲ."

ಅವನು ಬೀದಿ ನೋಡಲಿಲ್ಲ. ನಡಿಗೆ ನೋಡಿದರೆ ಗೊತ್ತಾಗುತ್ತದೆ ಎಂಬ ಮಾತಿನಿಂದಲೇ ಅವನಿಗೆ ಒಂಬತ್ತು ವರ್ಷವಾಗಿ, ಶಾಲೆಯ ಅಂಗಳದಲ್ಲಿ ನಿಂತಂತಾಯಿತು. ಅಕ್ಕನಿಗೆ ದೊಡ್ಡ ಬಾತು ಎಂದು ಹೆಸರಿಟ್ಟಿದ್ದರು, ಅವನಿಗೆ ಮರಿ ಬಾತು. ಒಂದು ಮಧ್ಯಾಹ್ನ ಒಬ್ಬೊಬ್ಬರಾಗಿ ಅಕ್ಕನ ಹಾಗೆ ನಡೆದು ತೋರಿಸುವ ಆಟ ಶುರುವಾಯಿತು. ಯಾರಿಗೂ ಅದು ಸರಿಯಾಗಿ ಬರಲಿಲ್ಲ. ಆಗ ಅವನು, ಮರಿ ಬಾತು, ಮುಂದೆ ಬಂದು ನಡೆದ. ಕೈ ಎರಡೂ ಸ್ವಲ್ಪ ಅಗಲಿಸಿ, ಸೊಂಟವನ್ನು ಅದರ ಪಾಡಿಗೆ ಬಿಟ್ಟು, ಅಂಗಳದ ಈ ಕೊನೆಯಿಂದ ಆ ಕೊನೆಗೆ. ಎಲ್ಲರೂ ಬಿದ್ದು ಬಿದ್ದು ನಕ್ಕರು. ಆ ದಿನದಿಂದ ಅವನನ್ನು ಯಾರೂ ಬಾತು ಎನ್ನಲಿಲ್ಲ, ಅಕ್ಕನನ್ನು ಮಾತ್ರ ಎರಡು ಪಾಲು ಎಂದರು. ಶಾಲೆಗೆ ಹೋಗುವಾಗ ಅವನು ಅವಳಿಗಿಂತ ಐವತ್ತು ಹೆಜ್ಜೆ ಮುಂದೆ ನಡೆಯತೊಡಗಿದ. ಇದು ಅಕ್ಕನಿಗೆ ಗೊತ್ತಿಲ್ಲ. ಗೊತ್ತಿಲ್ಲದ್ದನ್ನು ಕ್ಷಮಿಸು ಎಂದು ಕೇಳುವುದು ಹೇಗೆಂದು ತಿಳಿಯದೆ ನಲವತ್ತೈದು ವರ್ಷ ಕಳೆದಿತ್ತು.

ಅಕ್ಕ ಕೋಲಿನಿಂದ ಬಾಗಿಲು ನೂಕಿಕೊಂಡು ಬಂದು, ಡ್ರೈವರ ಪಕ್ಕದ ಕುರ್ಚಿಯಲ್ಲಿ ಕೂತು, "ಫೋನ್ ಬಂತೇನೋ?" ಎಂದಳು.

"ಬಂತು" ಎಂದ ಅವನು. ಡ್ರೈವರಿಗೆ ಹೇಳಿದ ಬುದ್ಧಿವಾದ ಇನ್ನೂ ಬಾಯಲ್ಲೇ ಇದ್ದುದರಿಂದ ಸುಳ್ಳು ಹೊರಡಲಿಲ್ಲ. "ನಿನ್ನೇನೇ ಬಂತು. ಆಗಲ್ಲ ಅಂದ್ರು."

"ಯಾಕೆ?"

"ಚೆನ್ನಾಗಿ ನಡೀತೀನಂತೆ."

ಅಕ್ಕ ಅವನನ್ನು ಕಣ್ಣು ಮಿಟುಕಿಸದೆ ನೋಡಿದಳು. "ಯಾರು, ನೀನಾ?"

ಅವನು ಎಲ್ಲವನ್ನೂ ಹೇಳಿದ. ಓಣಿ, ಹಾಲಿನ ಕ್ರೇಟು, ಹೊಸ ಬೂಟು, ಎರಡು ಮಾತ್ರೆ, ಛೇ ಇಲ್ಲ ಎಂದದ್ದು, ಕೈಯೆತ್ತಿದ್ದೊಂದನ್ನು ಬಿಟ್ಟು. ಮೂಗಿನ ಮೇಲೆ ಚೌಕಟ್ಟು ಹೊತ್ತ ಡ್ರೈವರು ಒಮ್ಮೆ ಇವನನ್ನು ಒಮ್ಮೆ ಅವಳನ್ನು ನೋಡುತ್ತ, ಹೊಸ ಗಾಜಿನಲ್ಲಿ ಎಲ್ಲ ಸ್ಪಷ್ಟವಾಗಿ ಕಾಣುವ ಖುಷಿಯಲ್ಲಿ ಕೂತಿದ್ದರು. "ಅವಳೇ ಹೇಳಿದ್ಲು ಕಣೇ, ಚೆನ್ನಾಗಿ ನಡೀತಿದ್ದೀರ ಅಂತ. ನಿಮಿಷಕ್ಕೊಂದ್ಸಲ ಹೇಳಿದ್ಲು" ಎಂದು ಅವನು ಮುಗಿಸಿದಾಗ ಅಕ್ಕನಿಗೆ ನಗು ತಡೆಯಲಾಗಲಿಲ್ಲ. ಕೋಲು ಕೆಳಗೆ ಬಿತ್ತು. ಡ್ರೈವರು ಎತ್ತಿಕೊಟ್ಟರು.

"ಅಯ್ಯೋ ಪೆದ್ದೇ. ಅದು ಕಾರ್ಡಿನ ಮಾತು. ಕುಂಟನಿಗೂ ಅದೇ, ಓಡೋನಿಗೂ ಅದೇ. ಮೂವತ್ತು ವರ್ಷ ನಾನು ಹೇಳ್ತಿದ್ದೆನಲ್ಲ, ನಿಮ್ಮ ಕರೆ ನಮಗೆ ಮುಖ್ಯ ಅಂತ, ನಿಜವಾಗ್ಲೂ ಮುಖ್ಯ ಅಂದ್ಕೊಂಡೇ ಹೇಳ್ತಿದ್ನಾ?" ನಗು ಇಳಿದ ಮೇಲೆ ಕಣ್ಣೊರೆಸಿಕೊಂಡು, ಬೇರೆಯದೇ ದನಿಯಲ್ಲಿ, "ಫೋನ್ ಮಾಡು ಅವಳಿಗೆ" ಎಂದಳು.

"ಏನಂತ?"

"ಮಾತ್ರೆ ನುಂಗಿದ್ದೆ ಅಂತ. ಸುಳ್ಳು ಹೇಳ್ದೆ ಅಂತ."

"ಅವರು ನನ್ನ ಏನಂದ್ಕೋತಾರೆ?"

"ಅಂದ್ಕೊಳ್ಳಿ. ಅಂದ್ಕೊಂಡ್ರೆ ಮೂಳೆ ಮುರಿಯಲ್ಲ."

"ಮಾಡಿ ಸ್ವಾಮಿ" ಎಂದರು ಡ್ರೈವರು, ಯಾರೂ ಕೇಳದಿದ್ದರೂ. "ನಾನು ಒಪ್ಕೊಂಡ್ನಲ್ಲ, ಈಗ."

ಅವನು ನಂಬರು ಒತ್ತಿದ. ಆಚೆ ನರ್ಸು ಎತ್ತಿಕೊಂಡಾಗ ಅವನು ಶಾಲೆಯಲ್ಲಿ ತಪ್ಪೊಪ್ಪಿಕೊಳ್ಳುವ ಹುಡುಗನಂತೆ ಹೆಸರು, ತಾರೀಖು ಸಮೇತ ಎಲ್ಲ ಹೇಳಿದ. ಬೈಯುತ್ತಾಳೆಂದು ಕಣ್ಣು ಮುಚ್ಚಿದ. "ಯಾವ ಮಾತ್ರೆ? ಎಷ್ಟು ಹೊತ್ತಿಗೆ?" ಎಂದು ಕೇಳಿ ಅವಳು ಬರೆದುಕೊಂಡಳು, ಪೆನ್ನಿನ ಸದ್ದೂ ಕೇಳಿಸಿತು. ಡಾಕ್ಟರನ್ನು ಕೇಳಿ ಹೇಳುತ್ತೇನೆ ಎಂದು ಇಟ್ಟು, ಡ್ರೈವರ ಕನ್ನಡಕಕ್ಕೆ ಅವನು ಚೀಟಿ ಬರೆದು ಮುಗಿಸುವ ಹೊತ್ತಿಗೆ ಮತ್ತೆ ಕರೆದಳು. ನಿಯಮ ಮೀರಿ ನಡೆದ ಪರೀಕ್ಷೆಯನ್ನು ಒಂದು ಸಲ ಮಾತ್ರ ಮತ್ತೆ ಮಾಡಬಹುದು. ಬರುವ ವಾರ ಗುರುವಾರ ಹತ್ತಕ್ಕೆ. ಎರಡು ದಿನ ಮುಂಚಿನಿಂದ ನೋವಿನ ಮಾತ್ರೆ ಮುಟ್ಟಬಾರದು, ದಿನಾ ಹಾಕುವ ಚಪ್ಪಲಿಯಲ್ಲೇ ಬರಬೇಕು. "ಮತ್ತೆ ಸರ್," ಎಂದಳು ಕಾರ್ಡಿನಲ್ಲಿ ಇಲ್ಲದ ದನಿಯಲ್ಲಿ, "ದಯವಿಟ್ಟು ಅಭ್ಯಾಸ ಮಾಡ್ಬೇಡಿ."

ಅಭ್ಯಾಸ ಮಾಡಬೇಡಿ ಎಂದದ್ದೇ ಕಷ್ಟಕ್ಕೆ ಬಂತು. ಇಷ್ಟು ದಿನ ಸಾಕಷ್ಟು ನಡೆಯಲಾರೆನೇನೋ ಎಂಬ ಭಯವಿತ್ತು, ಈಗ ಬೇಕೆಂದೇ ನಿಧಾನವಾಗಿ ನಡೆದುಬಿಡುತ್ತೇನೇನೋ ಎಂಬ ಭಯ ಹತ್ತಿತು. ಜಾಗ ಬೇಕು, ಆಸೆ ಇದೆ, ಆಸೆ ಇರುವವನ ಕಾಲನ್ನು ನಂಬುವುದು ಹೇಗೆ? ನಾಟಕ ಮಾಡದೆ ನಡೆಯಬೇಕೆಂದರೆ ನಾಟಕವಿಲ್ಲದ ನಡಿಗೆ ಯಾವುದೆಂದು ಮೊದಲು ಗೊತ್ತಿರಬೇಕು. ಅಂಗಡಿಯ ತುಂಬ ಕನ್ನಡಿಗಳಿದ್ದವು, ಹದಿನೇಳು, ಎಲ್ಲವೂ ಮುಖ ನೋಡಿಕೊಳ್ಳುವಷ್ಟು ಎತ್ತರಕ್ಕೆ ಮಾತ್ರ. ಎದೆಯಿಂದ ಕೆಳಗೆ ತೋರಿಸುವ ಕನ್ನಡಿಯನ್ನು ಅವನು ಅಂಗಡಿಯಲ್ಲೂ ಇಟ್ಟಿರಲಿಲ್ಲ, ಮನೆಯಲ್ಲೂ ಇಟ್ಟಿರಲಿಲ್ಲ. ಎಂದಿನಂತೆ ಬ್ಯಾಂಕಿಗೆ ಹೋಗುವಾಗ ಒಮ್ಮೆ, ಸುಮ್ಮನೆ ಮನಸ್ಸಿಲ್ಲದೆ ನಡೆದು ನೋಡೋಣವೆಂದು ಹೊರಟ. ಮನಸ್ಸಿಲ್ಲದೆ ನಡೆಯಬೇಕೆಂದು ಮನಸ್ಸು ಪ್ರತಿ ಹೆಜ್ಜೆಗೂ ನೆನಪಿಸುತ್ತಿತ್ತು. ಎದುರಿಗೆ ಪರಿಚಯದವರು ಬಂದರು. ಕಾಲು ತಾನೇ ತಾನಾಗಿ ಬೂಟಿನಂಗಡಿಯ ಗಾಜಿನ ಮುಂದೆ ನಿಂತುಬಿಟ್ಟಿತು.

ಗುರುವಾರ ಅಕ್ಕ ಜೊತೆಗೆ ಬಂದಳು. ಬಸ್ಸಿಳಿದು ಆಸ್ಪತ್ರೆಯ ಗೇಟಿನವರೆಗೆ ಅವನು ಹಳೆಯ ಅಭ್ಯಾಸದಂತೆ ಅವಳಿಗಿಂತ ಮುಂದಾಗಿಯೇ ಹೋದ, ತೊಡೆ ಎರಡು ದಿನದ ಲೆಕ್ಕವನ್ನೆಲ್ಲ ಒಟ್ಟಿಗೆ ಕೇಳುತ್ತಿದ್ದರೂ. ಮೂರನೇ ಮಹಡಿಯ ಬೆಂಚಿನ ಮೇಲೆ ಇಬ್ಬರೂ ಕೂತರು. ಕಾರಿಡಾರಿನಲ್ಲಿ ನರ್ಸು ಶಂಕುಗಳನ್ನು ಇಡುತ್ತಿದ್ದಳು, ಅಳತೆಯ ಪಟ್ಟಿ ಹಿಡಿದು ದೂರ ನೋಡುತ್ತಿದ್ದಳು.

"ಅಕ್ಕ, ನನಗೆ ನನ್ನ ನಡಿಗೆ ಯಾವುದು ಅಂತಾನೇ ಗೊತ್ತಿಲ್ಲ" ಎಂದ ಅವನು. "ಹೆಂಗೆ ನಡೆದ್ರೂ ವೇಷ ಹಾಕ್ದಂಗೆ ಆಗುತ್ತೆ."

ಅಕ್ಕ ಚೀಲದಿಂದ ನೀರಿನ ಬಾಟಲಿ ತೆಗೆದು ಕುಡಿದು ಮುಚ್ಚಳ ತಿರುಗಿಸಿದಳು. "ಶಾಲೆ ಅಂಗಳದಲ್ಲಿ ಒಂದಿನ ನಡೆದ್ಯಲ್ಲ, ನನ್ನ ಥರ. ಎಲ್ರೂ ನಕ್ಕಿದ್ರು. ಅದು ಯಾವುದು ಅಂದ್ಕೊಂಡಿದ್ದೆ?"

ಕಾರಿಡಾರು, ಶಂಕು, ನರ್ಸು ಎಲ್ಲವೂ ತಪ್ಪು ಗಾಜಿನಲ್ಲಿ ನೋಡಿದಂತೆ ದೂರ ಹೋದವು.

"ಕಿಟಕಿಯಿಂದ ನೋಡ್ದೆ" ಎಂದಳು ಅಕ್ಕ. "ಅವತ್ತು ಅತ್ತುಬಿಟ್ಟೆ, ಇಲ್ಲ ಅನ್ನಲ್ಲ. ನಿನ್ನ ಕತ್ತು ಹಿಸುಕ್ಬೇಕು ಅನ್ನಿಸ್ತು. ಆದ್ರೆ ನೋಡ್ತಾ ನೋಡ್ತಾ ಇನ್ನೊಂದು ಗೊತ್ತಾಯ್ತು. ಮಿಕ್ಕ ಹುಡುಗರೆಲ್ಲ ನನ್ನ ಥರ ನಡೀತಿದ್ರು. ನೀನು ನಿನ್ನ ಥರಾನೇ ನಡೀತಿದ್ದೆ. ಪಾಪ, ನಿನಗೇ ಗೊತ್ತಿರ್ಲಿಲ್ಲ."

"ಇಷ್ಟು ವರ್ಷ ಯಾಕೆ ಹೇಳ್ಲಿಲ್ಲ?"

"ನೀನೇ ಹೇಳ್ತೀಯ ಅಂತ ಕಾಯ್ತಿದ್ದೆ. ಕಾಯೋದು ನನಗೆ ಅಭ್ಯಾಸ." ಅವನ ಮುಖ ನೋಡಿ ಅವಳು ಕೋಲಿನ ತುದಿಯಿಂದ ಅವನ ಚಪ್ಪಲಿಯನ್ನು ಮೆಲ್ಲಗೆ ತಟ್ಟಿದಳು. "ಈಗ ಅಳೋಕೆ ಹೋಗ್ಬೇಡ. ಅಳೋರ ನಡಿಗೆ ಬೇರೆ. ಏಳು, ಕರೀತಿದಾಳೆ."

ನರ್ಸು ಕಾರ್ಡು ಹಿಡಿದು ಮೊದಲಿನ ಅದೇ ಸಾಲುಗಳನ್ನು ಅದೇ ದನಿಯಲ್ಲಿ ಓದಿದಳು. ಮಾತ್ರೆಯ ಪ್ರಶ್ನೆ ಕೇಳುವಾಗ ಮಾತ್ರ ತಲೆಯೆತ್ತಿ ಅವನ ಕಣ್ಣನ್ನು ನೋಡಿದಳು, ಅವನೂ ನೋಡಿದ. ಇಲ್ಲ ಎಂದ, ಇದು ನಿಜ. ಗಡಿಯಾರ ಒತ್ತಿದಳು. ಮೊದಲ ನಾಲ್ಕು ಹೆಜ್ಜೆ ಹಳೆಯ ಬಿಗಿಯಲ್ಲೇ ಬಿದ್ದವು, ಹೊಟ್ಟೆ ಒಳಗೆ, ಸೊಂಟ ಹಿಡಿತದಲ್ಲಿ, ಉಸಿರು ಮೇಲೆ. ಐದನೆಯದಕ್ಕೆ ತೊಡೆ ಬೇಡವೆಂದಿತು. ಅವನು ಸೊಂಟವನ್ನು ಬಿಟ್ಟ. ಅದು ಬಲಕ್ಕೆ ತೂಗಿತು, ಎಡಕ್ಕೆ ತೂಗಿತು, ಕೈಗಳು ಬೀಳದಿರಲೆಂದು ತಾವಾಗಿ ಅಗಲವಾದವು. ನಲವತ್ತೈದು ವರ್ಷ ಬೀಗ ಹಾಕಿಟ್ಟ ನಡಿಗೆ, ಎಣ್ಣೆ ಕಾಣದ ಬಾಗಿಲು ತೆರೆದ ಹಾಗೆ ನೋಯುತ್ತ, ಆದರೂ ಸಲೀಸಾಗಿ ಹೊರಗೆ ಬಂತು. ನೋವು ಇತ್ತು. ನೋವನ್ನು ಮುಚ್ಚಿಡುವ ಕೆಲಸ ಇರಲಿಲ್ಲ, ಹೆಚ್ಚು ಸುಸ್ತು ಅದರದ್ದೇ ಆಗಿತ್ತೆಂದು ಈಗ ತಿಳಿಯಿತು. ಎದುರಿನಿಂದ ಯಾರೋ ಇಬ್ಬರು ಬಂದರು, ಅವನನ್ನು ನೋಡಿದರು, ಗೋಡೆಗೆ ಸರಿದು ದಾರಿ ಬಿಟ್ಟರು. ನೋಡಲು ಅಲ್ಲಿ ಯಾವ ಅಂಗಡಿಯ ಗಾಜೂ ಇರಲಿಲ್ಲ. ನಾಚಿಕೆಯಾಯಿತು, ಚೆನ್ನಾಗಿಯೇ ಆಯಿತು, ಶಂಕುವನ್ನು ಸುತ್ತಿ ತಿರುಗುವಷ್ಟರಲ್ಲಿ ಅದು ಕಡಿಮೆಯೂ ಆಯಿತು.

"ಚೆನ್ನಾಗಿ ನಡೀತಿದ್ದೀರ. ಇನ್ನು ಐದು ನಿಮಿಷ ಇದೆ" ಎಂದಳು ನರ್ಸು, ಕಾರ್ಡು ನೋಡುತ್ತ.

ನಾಲ್ಕನೇ ನಿಮಿಷದಲ್ಲಿ ಅವನು ಗೋಡೆ ಹಿಡಿದು ನಿಂತ. ನಿಲ್ಲಬಹುದು ಎಂದು ಅವಳು ಹೇಳಿದ್ದಳು, ಹೋದ ಸಲ ಆ ಮಾತು ಅವನಿಗೆ ಕೇಳಿಸಿಯೇ ಇರಲಿಲ್ಲ. ಬೆಂಚಿನ ಕಡೆ ನೋಡಿದ. ಅಕ್ಕ ಅವನ ಕಾಲನ್ನು ನೋಡುತ್ತಿರಲಿಲ್ಲ, ಬಸ್ಸಿನ ಟಿಕೇಟನ್ನು ಮಡಚಿ ಮಡಚಿ ಸಣ್ಣದು ಮಾಡುತ್ತಿದ್ದಳು. ಆಗ ಅವನಿಗೆ, ತನಗಿಂತ ಅವಳಿಗೆ ಇದು ಹೆಚ್ಚು ಬೇಕಾಗಿದೆ ಎಂಬುದು ಗೊತ್ತಾಯಿತು. ಮತ್ತೆ ನಡೆದ. ಬೇಗವೂ ಇಲ್ಲ, ಬೇಕೆಂದು ನಿಧಾನವೂ ಇಲ್ಲ, ಕಾಲು ಕೊಟ್ಟಷ್ಟನ್ನು ತೆಗೆದುಕೊಂಡು. ನಿಲ್ಲಿ ಎಂದಾಗ ನಿಂತ. ನರ್ಸು ಅವನ ಹಿಮ್ಮಡಿಯ ಹತ್ತಿರ ಅಂಟುಪಟ್ಟಿಯ ತುಂಡು ಅಂಟಿಸಿ, ಅಳೆದು, ಬರೆದಳು. ಹನ್ನೊಂದು ಸಲ, ಮೇಲೆ ಹದಿನೆಂಟು ಮೀಟರು. ಮುನ್ನೂರ ನಲವತ್ತೆಂಟು.

"ಡಾಕ್ಟರ ಸಹಿ ಒಂದು ಆಗ್ಬೇಕು, ಸೋಮವಾರದಿಂದ ಬನ್ನಿ" ಎಂದಳು. ಆಮೇಲೆ ಕಾರ್ಡನ್ನು ಜೇಬಿಗೆ ಹಾಕುತ್ತ, "ಔಷಧೀನೋ ಉಪ್ಪುನೀರೋ, ಅದು ಮಾತ್ರ ನನಗೂ ಗೊತ್ತಿರಲ್ಲ" ಎಂದಳು.

"ಉಪ್ಪುನೀರಾದ್ರೂ ಸರಿ ಬಿಡಮ್ಮ, ಸಪ್ಪೆ ಮನುಷ್ಯ ಇವನು" ಎಂದಳು ಅಕ್ಕ, ಎದ್ದು ನಿಲ್ಲುತ್ತ. ದನಿ ಮಾತ್ರ ಒಡೆದಿತ್ತು.

ಲಿಫ್ಟು ಕಾರಿಡಾರಿನ ಆ ತುದಿಯಲ್ಲಿತ್ತು. ಅವನು ಹೊರಟವನು, ಎರಡು ಹೆಜ್ಜೆ ಮುಂದೆ ಹೋಗಿ, ನಿಂತ. ಅಕ್ಕ ಬಂದು ಪಕ್ಕಕ್ಕೆ ಸೇರಿದಳು. ಇಬ್ಬರೂ ಜೊತೆಯಲ್ಲಿ ಹೊರಟರು, ಒಬ್ಬರು ಬಲಕ್ಕೆ ತೂಗುವಾಗ ಇನ್ನೊಬ್ಬರು ಎಡಕ್ಕೆ ತೂಗುತ್ತ, ನಡುವೆ ಒಮ್ಮೆ ಭುಜಕ್ಕೆ ಭುಜ ತಾಕಿ, ಇಡೀ ಕಾರಿಡಾರು ತುಂಬಿಕೊಂಡು. ಹಿಂದೆ ಬರುತ್ತಿದ್ದವರು ದಾಟಲು ಜಾಗವಿಲ್ಲದೆ ಕಾಯಬೇಕಾಯಿತು.

"ಚೆನ್ನಾಗಿ ನಡೀತಿದ್ದೀರ" ಎಂದಳು ಅಕ್ಕ ಎಕ್ಸ್‌ಚೇಂಜಿನ ದನಿಯಲ್ಲಿ, ಮುಖ ನೇರ ಇಟ್ಟುಕೊಂಡು. "ಲಿಫ್ಟಿಗೆ ಇನ್ನು ಹತ್ತು ಹೆಜ್ಜೆ ಇದೆ."

ಹೋದ ಸಲ ಆ ಮಾತಿಗೆ ಅವನು ಕಾಲು ಚುರುಕು ಮಾಡಿದ್ದ. ಈ ಸಲ ನಿಧಾನ ಮಾಡಿದ. ಅಕ್ಕನ ಕೋಲು ಮುಂದೆ ಬಂದು ನೆಲಕ್ಕೂರುವವರೆಗೆ ಕಾದು, ಆಮೇಲೆ ತನ್ನ ಹೆಜ್ಜೆ ಇಟ್ಟ.